ಕಟ್ಟಿಗಿ ದಿಂಬು ಮತ್ತ ಈಜಿಪ್ಟಿನ ಅಕ್ಕ-ತಂಗ್ಯಾರು

ಮೊನ್ನೆ ರವಿವಾರ ಮಧ್ಯಾಹ್ನ ಊಟ ಆದಮ್ಯಾಲೆ ಸ್ವಲ್ಪ ಅಡ್ಡಾಗಿದ್ದೆ. ಕುತ್ತಿಗಿ ನೋವು ಸುರುವಾಗಿ ತಿಂಗಳ ಮ್ಯಾಲಾತು. ದಪ್ಪ ದಿಂಬು ಬಿಡ್ರಿ ಅಂತ ಡಾಕ್ಟರ್ರು ಹೇಳ್ಯಾರ, ನಂಗ ಬಿಡಲಿಕ್ಕೆ ಆಗವಲ್ದು. ತಂಗಿ ಮಗಳು ರಜಾಕ್ಕ ಬಂದಾಳ, ಕಾಲೇಜಿನಾಗ ಇತಿಹಾಸ ಓದ್ತಾಳ. "ಮೌಶಿ, ನಿನಗ ಒಂದು ಛಲೋ ದಿಂಬು ತೋರಸ್ತೀನಿ ನೋಡು" ಅಂತ ಫೋನ್ ತಂದು ಮಾರಿ ಮುಂದ ಹಿಡದ್ಲು.

ನೋಡಿದ್ರ ಒಂದು ಕಟ್ಟಿಗಿ ಸಾಮಾನು. ಕೆಳಗ ಸಪಾಟ ಹಲಗಿ, ನಡುವ ಒಂದು ಗಿಡ್ಡ ಕಂಬ, ಅದರ ಮ್ಯಾಲೆ ಅರ್ಧಚಂದ್ರದಂಗ ಬಗ್ಗಿದ ಇನ್ನೊಂದು ತುಂಡು. ನಮ್ಮ ಊಟದ ಮಣಿಗೆ ಒಂದಽ ಕಾಲು ಹಚ್ಚಿ, ಮ್ಯಾಲೆ ಕೊರದಂಗ. "ಇದು ದಿಂಬೇನ? ಇದರ ಮ್ಯಾಲೆ ತಲಿ ಇಟ್ರ ಇದ್ದ ಕುತ್ತಿಗಿನೂ ಮುರದು ಹೋಗ್ತದ" ಅಂದೆ. ಆಕಿ ನಕ್ಕಳು. "ಈಜಿಪ್ಟಿನ ರಾಜಗೋಳು ಇದರ ಮ್ಯಾಲೇ ಮಲಗ್ತಿದ್ರು ಮೌಶಿ" ಅಂದ್ಲು.

ಖರೇನಽ ಅದ. ಹಳೆ ಈಜಿಪ್ಟಿನವರು ಇದಕ್ಕ 'ವೆರೆಸ್' ಅಂತಿದ್ರು. ಬಡವರದು ಕಟ್ಟಿಗಿದು, ಶ್ರೀಮಂತರದು ಕಲ್ಲಿಂದೋ ದಂತದ್ದೋ. 1922ರಾಗ ತುತಂಖಾಮನ್ ರಾಜನ ಗೋರಿ ಸಿಕ್ತಲ್ಲ, ಅದರಾಗೂ ಇಂಥವು ಸಿಕ್ಕಾವ. ಒಂದಂತೂ ದಂತದ್ದು. ಎರಡು ಸಿಂಹದ ನಡುವ ಗಾಳಿದೇವರು ಮೊಣಕಾಲೂರಿ ಕೂತು, ಎರಡೂ ಕೈ ಎತ್ತಿ ರಾಜನ ತಲಿ ಹೊರತಾನ. ಮ್ಯಾಲೆ ಒಂದು ಅರಿವಿ ಸುತ್ತಿ, ಮಗ್ಗಲಾಗಿ ಮಲಗೋದು. ಸೆಕಿ ದೇಶ ನೋಡ್ರಿ, ಕುತ್ತಿಗಿ ಕೆಳಗ ಗಾಳಿ ಆಡ್ತದ, ಕಟ್ಟಿದ ತಲಿಗೂದಲಾನೂ ಕೆಡೋದಿಲ್ಲ.

ಇಲ್ಲೀತನಕ ನಾನೂ ಹೂಂ ಹೂಂ ಅಂತ ಕೇಳಿದೆ. ಆಮ್ಯಾಲೆ ಆಕಿ ಇನ್ನೊಂದು ನಾಕು ಫೋಟೋ ತೋರಸಿದ್ಲು. ಅದಽ ದಿಂಬು. ಆದ್ರ ಇವು ಈಜಿಪ್ಟಿನವಲ್ಲ. ಒಂದು ಸೋಮಾಲಿಯಾದ್ದು. ಒಂದು ಕೆನ್ಯಾದಾಗ ದನಾ ಕಾಯೋ ತುರ್ಕಾನಾ ಮಂದಿದು, ಅವರಿಗೆ ಹಗಲಿಗೆ ಅದು ಕೂಡೋ ಸ್ಟೂಲು, ರಾತ್ರಿಗೆ ದಿಂಬು. ಒಂದು ಕಾಂಗೋದ ಲೂಬಾ ಮಂದಿದು, ಛಂದಾಗಿ ತಲಿ ಕಟಗೊಂಡ ಹೆಣ್ಮಕ್ಕಳ ಗೊಂಬಿ ಕೆತ್ಯಾರ ಅದರಾಗ. ಒಂದು ಭಾಳ ದೂರದ ದಕ್ಷಿಣದ ಜಿಂಬಾಬ್ವೆಯ ಶೋನಾ ಮಂದಿದು, ಅವರು ಅದಕ್ಕ 'ಮುತ್ಸಾಗೊ' ಅಂತಾರ. ಈಜಿಪ್ಟಿನಿಂದ ಜಿಂಬಾಬ್ವೆಗೆ ಐದು ಸಾವಿರ ಕಿಲೋಮೀಟರ್ ಮ್ಯಾಲೆ ಅದ. ಅಲ್ಲೆ ಸಾವಿರಾರು ವರ್ಷದ ಹಿಂದ ಗೋರಿಯೊಳಗ ಇಟ್ಟಂಥಾದ್ದು, ಇಲ್ಲೆ ನಮ್ಮ ಅಜ್ಜಂದಿರ ಕಾಲದಾಗೂ ಮಲಗೋ ಜಾಗಾದಾಗ ಇತ್ತು.

ಇಷ್ಟೊತ್ತಿಗೆ ಬಾಜೂಮನಿ ವೈನಿ ಮೊಸರು ಕೇಳಲಿಕ್ಕೆ ಬಂದಾಕಿ ಅಲ್ಲೇ ಕೂತಿದ್ಲು. ಆಕಿ ಕೇಳಿದ್ಲು, "ಅಲ್ರೀ, ಈಜಿಪ್ಟ್ ಅಂದ್ರ ಆಫ್ರಿಕಾದಾಗ ಅದ ಏನು? ಅದು ಅರಬರ ಕಡೆ ಅಲ್ಲೇನ್ರಿ?" ಖರೆ ಹೇಳ್ತೀನಿ, ನನ್ನ ತಲಿಯೊಳಗೂ ಹಂಗಽ ಇತ್ತು. ನಾವು ಸಾಲಿಯೊಳಗ ಓದೋವಾಗ ಈಜಿಪ್ಟ್ ಅಂದ್ರ ಪಿರಮಿಡ್ಡು, ಆಫ್ರಿಕಾ ಅಂದ್ರ ಕಾಡು, ಸಿಂಹ. ಎರಡೂ ಬ್ಯಾರೆ ಬ್ಯಾರೆ ಪಾಠ. ನೈಲ್ ನದಿ ಆಫ್ರಿಕಾದ ಹೊಟ್ಟಿಯೊಳಗಿಂದ ಹರದು ಈಜಿಪ್ಟಿಗೆ ಬರ್ತದ ಅನ್ನೋದು ಎರಡೂ ಪಾಠದಾಗ ಇತ್ತು, ಆದ್ರ ಎರಡನ್ನೂ ಯಾರೂ ಕೂಡಸಿ ಹೇಳಲಿಲ್ಲ.

ಇದನ್ನ ಕೇಳಿ ನಂಗ ನಮ್ಮ ಅತ್ತಿಯವರ ಕೌದಿ ನೆನಪಾತು. ಅವರು ಹೊಲದ ಕೌದಿ ನಮ್ಮ ಮನ್ಯಾಗ ಇನ್ನೂ ಅದ, ಅಂಚಿಗೆ ತ್ರಿಕೋನದ ಸಾಲು, ನಡುವ ದೊಡ್ಡ ಚೌಕ. ಒಮ್ಮೆ ದೂರದ ಊರಿಂದ ಬಂದ ಬೀಗರ ಪೈಕಿ ಒಬ್ರು ಅದನ್ನ ನೋಡಿ "ಯಾವ ಅಂಗಡ್ಯಾಗ ತಗೊಂಡ್ರಿ?" ಅಂದ್ರು. ಅತ್ತಿಯವರಽ ಹೊಲದಾರ ಅಂದೆ. "ಹೌದಾ? ಹಂಗಾರ ಚಿತ್ರಾ ಯಾರರೆ ಹಾಕಿ ಕೊಟ್ಟಿರಬೇಕು" ಅಂದ್ರು. ಅತ್ತಿಯವರು ಅವತ್ತು ಏನೂ ಅನಲಿಲ್ಲ. ರಾತ್ರಿ ಅಡಗಿಮನಿ ಸಾರಸೋವಾಗ ಮಾತ್ರ "ಬಟ್ಟಿಗೆ ಸೂಜಿ ಚುಚ್ಚಿಸಿಕೊಂಡಾಕಿ ನಾನು, ಬುದ್ಧಿ ಮಾತ್ರ ಯಾರದೋ" ಅಂದ್ರು. ಆ ಮಾತು ನಾ ಮರತಿಲ್ಲ.

ಆಫ್ರಿಕಾದ ಮಂದಿಗೂ ನೂರು ವರ್ಷ ಇದಽ ಮಾತು ಕೇಳಸ್ಯಾರ. 1895ರ ಸುಮಾರಿಗೆ ಫ್ಲಿಂಡರ್ಸ್ ಪೆಟ್ರಿ ಅನ್ನೋ ಇಂಗ್ಲೆಂಡಿನ ಪಂಡಿತರು ಈಜಿಪ್ಟಿನ ನಕಾಡಾದಾಗ ಎರಡು ಸಾವಿರ ಗೋರಿ ಅಗಸಿದ್ರು. ಸಿಕ್ಕ ಗಡಿಗಿ ಮಡಕಿ ನೋಡಿ, ಇವರು ಹೊರಗಿಂದ ಬಂದ 'ಹೊಸ ಜನಾಂಗ' ಅಂದ್ರು. ಆಮ್ಯಾಲೆ ಅವರು ಅಲ್ಲೀಯವರಽ, ಪಿರಮಿಡ್ಡಿನಕಿಂತ ಹಳಬರು ಅಂತ ಗೊತ್ತಾತು, ಪೆಟ್ರಿನೂ ಒಪ್ಪಿಕೊಂಡ್ರು. ಆದ್ರ ಆ ವಿಚಾರದ ಚಾಳಿ ಹೋಗಲಿಲ್ಲ. 1930ರಾಗ ಚಾರ್ಲ್ಸ್ ಸೆಲಿಗ್ಮನ್ ಅನ್ನೋರು ಪುಸ್ತಕಾನಽ ಬರದ್ರು. ಆಫ್ರಿಕಾದಾಗ ಏನೇನು ದೊಡ್ಡದು ಅದನೋ ಅದನ್ನೆಲ್ಲಾ 'ಹ್ಯಾಮಿಟಿಕ್' ಅನ್ನೋ ಬಿಳಿ ಮೈಬಣ್ಣದ ಮಂದಿ ಹೊರಗಿಂದ ತಂದ್ರು ಅನ್ನೋದು ಅವರ ವಾದ. ಬೈಬಲ್ಲಿನ ನೋಹನ ಮಗ ಹ್ಯಾಮ್, ಅವನ ಹೆಸರಿನ ಮ್ಯಾಲೆ ಕಟ್ಟಿದ ಕಥಿ. ಹಂಗಾಗಿ ಈಜಿಪ್ಟನ್ನ ಆಫ್ರಿಕಾದಿಂದ ಕತ್ತರಿಸಿ ಬ್ಯಾರೆ ಇಟ್ರು.

ಈ ಕಥಿಗೆ ನೆಟ್ಟಗ ಉತ್ತರ ಕೊಟ್ಟವರಾಗ ಒಬ್ಬಾಕಿ ಹೆಣ್ಣಮಗಳು ಇದ್ಲು ಅನ್ನೋದು ನಂಗ ಭಾಳ ಖುಷಿ ಕೊಟ್ತು. ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಂತ, ಆಕಿನೂ ಇಂಗ್ಲೆಂಡಿನಾಕಿನಽ. 1920ರ ದಶಕದಾಗ ಈಜಿಪ್ಟಿನ ಬದಾರಿ ಊರಿನ ಹತ್ರ ಹೆಮಾಮಿಯೆ ಅನ್ನೋ ಜಾಗಾದಾಗ ಒಂದೊಂದಽ ಪದರು ಅಳದು ಅಗಿಸಿ, ನಕಾಡಾ ಮಂದಿಕಿಂತ ಬದಾರಿ ಮಂದಿ ಹಳಬರು ಅಂತ ತೋರಸಿದ್ಲು. ಅಂದ್ರ ಕ್ರಿ.ಪೂ. 4000ಕಿಂತ ಮೊದಲಽ ನೈಲ್ ದಂಡಿಮ್ಯಾಲೆ ಗಡಿಗಿ ಮಾಡಿ, ಬೆಳಿ ಬೆಳದು, ಕಣ್ಣಿಗೆ ಹಚ್ಚೋ ಬಣ್ಣ ಅರಿಯೋ ಕಲ್ಲು ಇಟಗೊಂಡು ಬಾಳ್ತಿದ್ದವರು ಇದ್ರು. 1929ರಾಗ ಅದಽ ಹೆಣ್ಣಮಗಳು ಜಿಂಬಾಬ್ವೆಗೆ ಹೋದ್ಲು. ಅಲ್ಲಿಯ ದೊಡ್ಡ ಕಲ್ಲಿನ ಕೋಟಿ ನೋಡಿ, ಇದನ್ನ ಫಿನೀಷಿಯದವರು ಕಟ್ಯಾರ, ಶೀಬಾ ರಾಣಿ ಕಟ್ಟ್ಯಾಳ ಅಂತಿದ್ರು ಅಲ್ಲಿಯ ಬಿಳಿಯರು. ಈಕಿ ಕೂಡ ಹೋದವರು ಕ್ಯಾಥ್ಲೀನ್ ಕೆನ್ಯನ್, ಡೊರೊತಿ ನೋರಿ, ಮೂರೂ ಮಂದಿ ಹೆಣ್ಮಕ್ಕಳಽ. ಅಗದು ನೋಡಿ, ಇದು ಆಫ್ರಿಕಾದವರಽ ಕಟ್ಟಿದ್ದು ಅಂತ ಸ್ಪಷ್ಟ ಹೇಳಿದ್ಲು. ಅಲ್ಲಿ ನೆಲಸಿದ್ದ ಬಿಳಿಯರಿಗೆ ಭಾಳ ಸಿಟ್ಟು ಬಂತು. ಆಕಿ ಮಾತು ತಿರುಗಿಸಲಿಲ್ಲ.

ಹಂಗಾರ ಈಜಿಪ್ಟಿನವರು ಎಲ್ಲಿಂದ ಬಂದ್ರು ಅಂತ ಕೇಳ್ತೀರಿ. ಇವತ್ತು ಸಹಾರಾ ಮರುಭೂಮಿ ಅಂತೀವಲ್ಲ, ಅದು ಸುಮಾರು 10,000 ವರ್ಷದ ಹಿಂದ ಹಸರು ಹುಲ್ಲಿನ ನೆಲ ಆಗಿತ್ತು. ಕೆರಿ ಇದ್ದೂ, ದನಾ ಮೇಯಿಸೋ ಮಂದಿ ಇದ್ರು, ಬಂಡಿಗಲ್ಲಿನ ಮ್ಯಾಲೆ ಅವರು ಬರದ ದನದ ಚಿತ್ರ ಇನ್ನೂ ಅವ. ಆಮ್ಯಾಲೆ ಮಳಿ ಕಡಿಮಿ ಆಗಕೋತ ಬಂತು. 5,000 ವರ್ಷದ ಹಿಂದ ಹೊತ್ತಿಗೆ ಬಹುತೇಕ ಒಣಗಿತ್ತು. ಕೆರಿ ಬತ್ತಿದ್ರ ಮಂದಿ ಏನು ಮಾಡ್ತಾರ, ನೀರಿದ್ದಲ್ಲೆ ಹೋಗ್ತಾರ. ಕೆಲವರು ನೈಲ್ ಕಡೆ ಬಂದ್ರು, ಕೆಲವರು ದಕ್ಷಿಣಕ್ಕ, ಕೆಲವರು ಪಶ್ಚಿಮಕ್ಕ ಹೋದ್ರು. ಒಂದಽ ಅಂಗಳದಾಗ ಆಡಿದವರು ಮುಂದ ಬ್ಯಾರೆ ಬ್ಯಾರೆ ಊರಿಗೆ ಹೋದಂಗ.

ಇನ್ನ ಭಾಷಾದ ಮಾತಿಗೆ ಬರ್ತೀನಿ. ಇದು ನಂಗ ಎಲ್ಲಾಕಿಂತ ಛಂದ ಅನಿಸ್ತು. ನಮ್ಮ 'ನಾಲಿಗಿ' ತಮಿಳಿನಾಗ 'ನಾಕ್ಕು', ತೆಲುಗಿನಾಗ 'ನಾಲುಕ' ಆಗ್ತದ, ಅಂಥವು ನೂರಾರು ಅವ, ಅದಕ್ಕಽ ಮೂರೂ ಒಂದಽ ಮನಿತನದವು ಅಂತೀವಲ್ಲ. ಹಂಗಽ ಹಳೆ ಈಜಿಪ್ಟಿನ ಭಾಷಾಕ್ಕೂ ಒಂದು ಮನಿತನ ಅದ. ಅದಕ್ಕ ಆಫ್ರೋ-ಏಷ್ಯಾಟಿಕ್ ಅಂತ ಹೆಸರು. ಅದರಾಗ ಉತ್ತರ ನೈಜೀರಿಯಾ ಮತ್ತ ನೈಜರ್ ದೇಶದ ಹೌಸಾ ಅದ. ಅಲ್ಜೀರಿಯಾ, ಮೊರಾಕ್ಕೊ ಗುಡ್ಡದ ಬರ್ಬರ್ ಭಾಷಾ ಅವ. ಸೋಮಾಲಿ, ಒರೊಮೊ, ಕೆಂಪು ಸಮುದ್ರದ ದಂಡಿಯ ಬೆಜಾ ಅವ. ಅರಬ್ಬಿ, ಹೀಬ್ರೂ, ಇಥಿಯೋಪಿಯಾದ ಅಮ್ಹಾರಿಕ್ ಸೈತ ಇದಽ ಮನಿತನದವು.

ನಾಲಿಗಿಗೆ ಈಜಿಪ್ಟಿನ ಕೊನೆಕಾಲದ ಭಾಷಾ ಕಾಪ್ಟಿಕ್‌ನಾಗ 'ಲಸ್', ಬರ್ಬರ್‌ನಾಗ 'ಇಲೆಸ್', ಅರಬ್ಬಿಯೊಳಗ 'ಲಿಸಾನ್'. ಸಾಯೋದಕ್ಕ ಹಳೆ ಈಜಿಪ್ಟಿನವರು ಮ, ವ, ತ ಅಂತ ಮೂರು ಅಕ್ಷರ ಬರೀತಿದ್ರು, ಸ್ವರ ಬರಿಯೋ ಪದ್ಧತಿ ಇರಲಿಲ್ಲ ಅವರಿಗೆ. ಹೌಸಾದಾಗ ಅದು 'ಮುತು'. ಅಲ್ಜೀರಿಯಾದ ಕಬೈಲ್ ಮಂದಿ 'ಅವಾ ಸತ್ತಾ' ಅನ್ನಲಿಕ್ಕೆ 'ಯೆಮ್ಮುತ್' ಅಂತಾರ. ಅರಬ್ಬಿಯೊಳಗ 'ಮಾತ'. ಸಾವಿನ ಶಬ್ದ ಅಂಗಡಿಯಿಂದ ತರೋದಲ್ಲ, ಮನ್ಯಾಗಽ ಕಲಿಯೋದು. ಅದಕ್ಕಽ ಇಂಥಾ ಶಬ್ದಕ್ಕ ಕಿಮ್ಮತ್ತು ಜಾಸ್ತಿ.

ಮತ್ತ ಹೆಣ್ಮಕ್ಕಳ ಗುರುತು! ಈ ಮನಿತನದಾಗ ಹೆಣ್ಣು ಅಂದ್ರ 'ತ'. ಈಜಿಪ್ಟಿನಾಗ ಅಣ್ಣ-ತಮ್ಮಗ ಸ-ನ, ಅಕ್ಕ-ತಂಗಿಗೆ ಸ-ನ-ತ. ಒಂದು 'ತ' ಹಚ್ಚಿದ್ರ ಮುಗೀತು. ಕಬೈಲ್ ಮಂದಿ ಹಿಂದೊಂದು ಮುಂದೊಂದು ಎರಡು 'ತ' ಹಚ್ತಾರ: ಯಜಮಾನ 'ಅಮ್‌ಘಾರ್' ಆದ್ರ, ಮನಿ ಹಿರೇ ಹೆಣ್ಣಮಗಳು 'ತಮ್‌ಘಾರ್ತ್'. ಸೋಮಾಲಿಯೊಳಗ 'ಆ ಗಂಡಸು' ಅಂದ್ರ 'ನಿನ್‌ಕ', 'ಆ ಹೆಂಗಸು' ಅಂದ್ರ 'ನಾಗ್‌ತ'. ಹೌಸಾದಾಗ 'ಆಕಿ' ಅನ್ನಲಿಕ್ಕೇ 'ತಾ'. ಮರುಭೂಮಿ ಈ ದಂಡಿಯಿಂದ ಆ ದಂಡಿತನಕ, ಕೆಂಪು ಸಮುದ್ರದತನಕ, ಸಾವಿರಾರು ವರ್ಷ ಹೆಣ್ಮಕ್ಕಳು ತಮ್ಮ 'ತ' ಬಿಟ್ಟಿಲ್ಲ. ಹಾಂ, ಆ ಸ-ನ-ತ ಶಬ್ದ ಈಜಿಪ್ಟಿನವರು ಪ್ರೀತಿಲೆ ಹೆಂಡತಿಗೂ ಅಂತಿದ್ರು, ಅದನ್ನ ಓದಿ ಎಲ್ಲಾರೂ ಖಾಸ ತಂಗೀನಽ ಮದವಿ ಆಗ್ತಿದ್ರು ಅಂತ ತಿಳಕೋಬ್ಯಾಡ್ರಿ.

ಇದನ್ನ ಕೇಳಿದ್ದಽ ತಡ, ನಮ್ಮ ವೈನಿ "ಹಂಗಾರ ನಮ್ಮ ಗೆಳೆಯ-ಗೆಳತಿ, ಒಡೆಯ-ಒಡತಿ, ಗೌಡ-ಗೌಡತಿ? ನಮಗೂ ಅದಽ 'ತ' ಅದಲ್ರೀ, ನಾವೂ ಈಜಿಪ್ಟಿನವರಽ!" ಅಂದ್ಲು. ನಾವು ಮೂವರೂ ನಕ್ಕಿವಿ. ಆದ್ರ ಅದು ಬರೇ ಕಾಕತಾಳೀಯ. ನಮ್ಮ 'ತಿ' ನಮ್ಮ ದ್ರಾವಿಡ ಮನಿತನದ್ದು. ಒಂದು ಅಕ್ಷರ ಕೂಡಿತು ಅಂತ ಬೀಗತನ ಮಾಡಲಿಕ್ಕೆ ಬರೂದಿಲ್ಲ. ಸರ್ವನಾಮ, ಕ್ರಿಯಾಪದ, ದಿನಬಳಕಿ ಶಬ್ದ, ಅವು ಬದಲಾಗೋ ಕ್ರಮ, ಎಲ್ಲಾ ಕೂಡಬೇಕು. ಈಜಿಪ್ಟ್, ಹೌಸಾ, ಬರ್ಬರ್ ನಡುವ ಅವು ಕೂಡ್ತಾವ.

ಇದೇ ಕಾರಣಕ್ಕ ಒಬ್ಬ ದೊಡ್ಡ ಮನಶ್ಯಾನ ಒಂದು ಮಾತು ಪಂಡಿತರು ಒಪ್ಪಲಿಲ್ಲ, ಇನ್ನೊಂದು ಒಪ್ಪಿದ್ರು. ಸೆನೆಗಲ್ ದೇಶದ ಶೇಖ್ ಅಂತಾ ಜೋಪ್, ಹುಟ್ಟಿದ್ದು 1923ರಾಗ. ಈಜಿಪ್ಟ್ ಆಫ್ರಿಕಾದ್ದಽ, ಅದನ್ನ ನಮ್ಮಿಂದ ಕಸಗೊಂಡಾರ ಅಂತ 1954ರಾಗ ಪುಸ್ತಕ ಬರದ್ರು. 1974ರಾಗ ಕೈರೋದಾಗ ಯುನೆಸ್ಕೋ ಸಭಾ ಕರೀತು, ಅಲ್ಲೆ ಜೋಪ್ ಮತ್ತ ಕಾಂಗೋದ ತಿಯೋಫಿಲ್ ಒಬೆಂಗಾ ಜಗತ್ತಿನ ಪಂಡಿತರ ಮುಂದ ನಿಂತು ವಾದಿಸಿದ್ರು. ತಮ್ಮ ತಾಯಿಭಾಷಾ ವೊಲೊಫ್ ಈಜಿಪ್ಟಿನ ಭಾಷಾದ ಸಂಬಂಧಿ ಅಂತ ಜೋಪ್ ತೋರಸಲಿಕ್ಕೆ ನೋಡಿದ್ರು. ಅದನ್ನ ಹೆಚ್ಚಿನ ಭಾಷಾಪಂಡಿತರು ಒಪ್ಪೂದಿಲ್ಲ, ವೊಲೊಫ್ ಬ್ಯಾರೆ ಮನಿತನದ್ದು, ಫುಲಾ ಭಾಷಾದ ಹತ್ರದ್ದು. ಆದ್ರ ಈಜಿಪ್ಟನ್ನ ಆಫ್ರಿಕಾದೊಳಗಽ ಇಟ್ಟು ನೋಡಬೇಕು ಅನ್ನೋ ಅವರ ಮಾತು ನಿಂತು ಉಳೀತು. ಡಾಕಾರಿನ ವಿಶ್ವವಿದ್ಯಾಲಯಕ್ಕ ಈಗ ಅವರದಽ ಹೆಸರು. ಆ 'ಹ್ಯಾಮಿಟಿಕ್' ಕಥಿನೂ ಬಿದ್ದು ಹೋತು. ಜೋಸೆಫ್ ಗ್ರೀನ್‌ಬರ್ಗ್ ಅನ್ನೋ ಅಮೆರಿಕಾದ ಪಂಡಿತರು ಆಫ್ರಿಕಾದ ಭಾಷಾ ಎಲ್ಲಾ ಜೋಡಸಿ 1963ರಾಗ ಪುಸ್ತಕ ಮಾಡಿದ್ರು. ಅದರಾಗ ಕಪ್ಪು ಮೈಬಣ್ಣದ ಹೌಸಾದವರ ಭಾಷಾ, ಈಜಿಪ್ಟಿನ ಭಾಷಾ ಒಂದಽ ಪಂಕ್ತಿಯೊಳಗ ಕೂತಿದ್ದೂ. ಹ್ಯಾಮಿಟಿಕ್ ಅಂತ ಬ್ಯಾರೆ ಗುಂಪಽ ಇಲ್ಲ ಅಂದ್ರು.

ಭಾಷಾ ಬ್ಯಾರೆ ಇದ್ದು ಸಂಸಾರ ಮಾತ್ರ ಕೂಡಿದ್ದಕ್ಕೂ ಉದಾಹರಣಿ ಅದ. ಈಜಿಪ್ಟಿನ ದಕ್ಷಿಣಕ್ಕ, ಈಗಿನ ಸುಡಾನದಾಗ, ಕುಶ್ ರಾಜ್ಯ ಇತ್ತು. ಅವರ ಭಾಷಾ ಈಜಿಪ್ಟಿನ ಮನಿತನದ್ದಲ್ಲ. ಆದ್ರ ಅಮೋನ್ ದೇವರು ಇಬ್ಬರಿಗೂ ದೇವರು. ಎಷ್ಟೋ ಸಲ ಈಜಿಪ್ಟಿನವರು ಇವರನ್ನ ಆಳಿದ್ರು, ಕ್ರಿ.ಪೂ. ಎಂಟನೇ ಶತಮಾನದಾಗ ಇವರಽ ಈಜಿಪ್ಟನ್ನ ಆಳಿದ್ರು. ಅವರ ಪೈಕಿ ತಹಾರ್ಕಾ ಅನ್ನೋ ರಾಜಾ ಕ್ರಿ.ಪೂ. 690ರಿಂದ 664ರತನಕ ಆಳಿದಾ. ಸುಡಾನಿನ ಪಿರಮಿಡ್ಡು ಎಣಿಸಿದ್ರ ಈಜಿಪ್ಟಿನಕಿಂತ ಜಾಸ್ತಿ ಅವ, ಸಣ್ಣವು, ಕಡಿದಾದವು. ಥೀಬ್ಸ್ ಊರಿನ ಗುಡಿಯೊಳಗ 'ಅಮೋನ್ ದೇವರ ಹೆಂಡತಿ' ಅಂತ ಒಂದು ದೊಡ್ಡ ಅಧಿಕಾರ ಇತ್ತು ಹೆಣ್ಮಕ್ಕಳಿಗೆ. ಆ ಅಧಿಕಾರದಾಗ ಇದ್ದ ಶೆಪೆನ್‌ವೆಪೆತ್ ಕುಶ್ ರಾಜನ ಮಗಳು ಅಮೆನಿರ್ದಿಸ್‌ನ್ನ ದತ್ತಕ ತಗೊಂಡ್ಲು. ಮುಂದ ರಾಜ್ಯ ಮತ್ತ ಈಜಿಪ್ಟಿನವರ ಕೈಗೆ ಬಂದಾಗ, ಕ್ರಿ.ಪೂ. 656ರಾಗ, ಕುಶ್ ಮನಿತನದಾಕಿ ಈಜಿಪ್ಟಿನ ರಾಜನ ಮಗಳು ನಿಟೋಕ್ರಿಸ್‌ನ್ನ ದತ್ತಕ ತಗೊಂಡ್ಲು. ಗಂಡಸ್ರು ಕತ್ತಿ ಹಿಡದು ಬದಲಾಯಿಸಿದ್ದನ್ನ ಹೆಣ್ಮಕ್ಕಳು ಉಡಿ ತುಂಬಿ ಮುಂದುವರಿಸಿದ್ರು ಅಂದಂಗಾತು.

ಹಂಗಂತ ಎಲ್ಲಾನೂ ಆಫ್ರಿಕಾದ್ದಽ ಅಂತ ಹಟಾ ಹಿಡಿಯೋದೂ ತಪ್ಪು. ಈಜಿಪ್ಟಿನವರ ಗೋಧಿ, ಜವೆ, ಕುರಿ, ಆಡು, ಇವೆಲ್ಲಾ ಪಶ್ಚಿಮ ಏಷ್ಯಾ ಕಡೆಯಿಂದ ಬಂದಾವ. ಅವರು ಗೋಧಿ ರೊಟ್ಟಿ ಸುಟ್ಟು ತಿಂದ್ರ, ಸುಡಾನಿನವರದು ಜ್ವಾಳ. ಹೌದು, ನಮ್ಮದಽ ಜ್ವಾಳ! ಪೂರ್ವ ಸುಡಾನಿನಾಗ ಸಿಕ್ಕ 5,000 ವರ್ಷದ ಹಳೆ ಗಡಿಗಿ ಚೂರಿನಾಗ ಜ್ವಾಳದ ಹೊಟ್ಟಿನ ಗುರುತು ಅವ, ಮಣ್ಣು ಕಲಸೋವಾಗ ಹಾಕಿದ ಹೊಟ್ಟು. ಜ್ವಾಳ ಹುಟ್ಟಿದ್ದು ಆ ಸೀಮ್ಯಾಗ, ಆಮ್ಯಾಲೆ ಸಮುದ್ರ ದಾಟಿ ನಮ್ಮ ಕಡೆ ಬಂತು. ಅಲ್ಲಿಯ ಹೆಣ್ಮಕ್ಕಳು ಇವತ್ತೂ ಜ್ವಾಳದ ಹಿಟ್ಟು ಹುಳಿ ಬರಿಸಿ, ಬಿಸಿ ಹಂಚಿನ ಮ್ಯಾಲೆ ತೆಳ್ಳಗ ಸವರಿ 'ಕಿಸ್ರಾ' ಮಾಡ್ತಾರ. ನಾವು ಬಡೀತೀವಿ, ಅವರು ಸವರ್ತಾರ, ಅಷ್ಟಽ ಫರಕು. ಆಫ್ರಿಕಾ ನಮಗ ದೂರ ಅಂತ ಇನ್ನ ಮ್ಯಾಲೆ ಅನ್ನೂದು ಹೆಂಗ?

ಇನ್ನೂ ಒಂದು ಹೇಳಿ ಮುಗಸ್ತೀನಿ. ಹಳೆ ಈಜಿಪ್ಟಿನವರ ಪಂಚಾಂಗದಾಗ ತಿಂಗಳಿಗೆ ಮೂವತ್ತಽ ದಿನ, ಹನ್ನೆರಡು ತಿಂಗಳು, ಕೊನೆಗೆ ಐದು ದಿನ ಬ್ಯಾರೆ. ಇವತ್ತೂ ಇಥಿಯೋಪಿಯಾದಾಗ ಅದಽ ಲೆಕ್ಕ ನಡೀತದ. ಹನ್ನೆರಡು ತಿಂಗಳಾದಮ್ಯಾಲೆ ಐದೋ ಆರೋ ದಿನದ ಹದಿಮೂರನೇ ಸಣ್ಣ ತಿಂಗಳು. ಸೆಪ್ಟೆಂಬರ್ 11ಕ್ಕ ಅವರ ಹೊಸ ವರ್ಷ, ಈಜಿಪ್ಟಿನ ಕಾಪ್ಟಿಕ್ ಕ್ರಿಸ್ತರದೂ ಅವತ್ತಽ. ಈಜಿಪ್ಟಿನ ರೈತರು ಬಿತ್ತಿಗಿ ಲೆಕ್ಕಕ್ಕ ಇನ್ನೂ ತೂತ್, ಬಾಬಾ, ಹಾತೂರ್ ಅಂತ ಹಳೆ ತಿಂಗಳ ಹೆಸರಽ ಹೇಳ್ತಾರ. ಹಾಥೋರ್ ದೇವಿ ಗುಡಿಯೊಳಗ ಹೆಣ್ಮಕ್ಕಳು ಝಲ್ ಝಲ್ ಅಂತ ಅಲುಗಾಡಸ್ತಿದ್ದ ಕೈಗೆಜ್ಜಿಯಂಥಾ ವಾದ್ಯ ಇಥಿಯೋಪಿಯಾದ ಚರ್ಚಿನಾಗ ಈಗ ಪಾದ್ರಿಗಳ ಕೈಯಾಗ ಅದ. ದೇವರು ಬದಲಾದ್ರೂ ತಾಳ ಉಳದದ.

ಹಂಗಾಗಿ ನಂಗ ಅನಸ್ತದ, ಈಜಿಪ್ಟ್ ಅನ್ನೋದು ನಮ್ಮ ಅತ್ತಿಯವರ ಕೌದಿ ಇದ್ದಂಗ. ಅದರಾಗ ಹೊರಗಿನ ತುಂಡು ಅವ, ಬೀಗರು ಕೊಟ್ಟ ಸೀರಿ ಅಂಚು ಅದ, ಸಂತ್ಯಾಗ ತಂದ ಅರಿವಿ ಅದ. ಆದ್ರ ಅಡಿಗಿನ ಅರಿವಿ ಮನೀದು, ಹೊಲಿಗಿ ಮನೀದು, ಹೊಲದ ಕೈ ಮನೀದು. ಒಂದು ಪರಕೀ ತುಂಡು ತೋರಿಸಿ "ಇದು ನಿಮ್ಮದಲ್ಲ" ಅನ್ನೋದು ನ್ಯಾಯ ಅಲ್ಲ.

ಅವತ್ತ ಸಂಜೀಕೆ ಆ ಕೌದಿ ಬಿಸಲಿಗೆ ಹಾಕಿದ್ದು ತಗದು ಮಡಚೋವಾಗ ತಂಗಿ ಮಗಳಿಗೆ ಹೇಳಿದೆ, ಇದರ ಹಿಂದ ಒಂದು ಮೂಲ್ಯಾಗ ನಿಮ್ಮ ಅಜ್ಜಿ ಹೆಸರು ದಾರದಲೆ ಹೊಲಿಬೇಕು ಅಂತ. ಬಂದವರು ಕೇಳಿದ್ರ ತೋರಸಲಿಕ್ಕೆ ಬರ್ತದ. ಆಕಿ ಸೂಜಿ-ದಾರ ತರಲಿಕ್ಕೆ ಹೋದ್ಲು. ನಾನು ದಪ್ಪ ದಿಂಬು ಬಿಟ್ಟು, ಅರಿವಿ ಸುತ್ತಿ ತೆಳು ದಿಂಬು ಮಾಡಿಕೊಂಡೀನಿ. ಕಟ್ಟಿಗಿದು ಮಾತ್ರ ಬ್ಯಾಡವಾ, ಅಷ್ಟು ಧೈರ್ಯ ಇನ್ನೂ ಬಂದಿಲ್ಲ.